ಪರಿಹಾರ ಬಂದರೆ ಪಿಂಚಣಿ ನಿಲ್ಲುತ್ತದೆಯೇ?

ಅಪಘಾತದಲ್ಲಿ ಕೈಯೋ ಕಾಲೋ ಊನವಾದವರಿಗೆ ಎರಡು ಬೇರೆ ಬೇರೆ ಕಡೆಗಳಿಂದ ಹಣ ಬರಬಹುದು. ಒಂದು, ಗುದ್ದಿದ ವಾಹನದ ವಿಮಾ ಕಂಪನಿ ಅಥವಾ ಮಾಲೀಕ ನ್ಯಾಯಾಲಯದ ಆದೇಶದಂತೆ ಕಟ್ಟುವ ಪರಿಹಾರ. ಇನ್ನೊಂದು, ಸರ್ಕಾರ ತಿಂಗಳು ತಿಂಗಳು ಕೊಡುವ ಅಂಗವಿಕಲ ವೇತನ ಮತ್ತು ಅದರ ಜೊತೆಗಿನ ಪಡಿತರ, ಬಸ್ ಪಾಸಿನಂಥ ಸವಲತ್ತುಗಳು. ಮೊದಲನೆಯದು ಆದ ನಷ್ಟಕ್ಕೆ ಕಾನೂನು ಕಟ್ಟಿದ ಬೆಲೆ. ಎರಡನೆಯದು ದುಡಿಯಲಾಗದ ಬದುಕಿಗೆ ಸಮಾಜ ಕೊಡುವ ಆಸರೆ. ಇವೆರಡೂ ಒಂದೇ ಮನೆಗೆ ಬಂದಾಗ ಎರಡು ಪ್ರಶ್ನೆ ಏಳುತ್ತವೆ. ಪಿಂಚಣಿ ಬರುತ್ತಿದೆಯೆಂದು ನ್ಯಾಯಾಲಯ ಪರಿಹಾರವನ್ನು ಕಡಿಮೆ ಮಾಡುತ್ತದೆಯೇ? ಪರಿಹಾರ ಬಂತೆಂದು ತಹಶೀಲ್ದಾರರು ಪಿಂಚಣಿಯನ್ನು ನಿಲ್ಲಿಸುತ್ತಾರೆಯೇ? ಮೊದಲ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಬಹುಮಟ್ಟಿಗೆ ಸ್ಪಷ್ಟ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ಉತ್ತರ ಸಿಗುವುದು ತಾಲ್ಲೂಕು ಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ. ಬಡವರ ಕೈ ಕಟ್ಟುವುದು ಅದೇ.

ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡ ತುಂಗಭದ್ರೆಯ ದಂಡೆಯ ಊರು. ಸುತ್ತಮುತ್ತ ನೆಲ್ಲಿನ ಗದ್ದೆ, ಸಿರುಗುಪ್ಪದಲ್ಲಿ ರೈಸ್ ಮಿಲ್ಲುಗಳು. ಸಿಂಧನೂರಿನ ಕಡೆಯಿಂದ ಸಿರುಗುಪ್ಪದ ಮೇಲೆ ಬಳ್ಳಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಇಲ್ಲಿನ ಮುಖ್ಯ ರಸ್ತೆ. ನಾಟಿ ಮತ್ತು ಕೊಯ್ಲಿನ ಕಾಲದಲ್ಲಿ ಕೂಲಿಯವರು ಟ್ರ್ಯಾಕ್ಟರ್ ಟ್ರೇಲರಿನಲ್ಲೋ ಗೂಡ್ಸ್ ಆಟೊದಲ್ಲೋ ನಿಂತು ಹೋಗುವುದು, ಹಮಾಲರು ಮೂಟೆ ತುಂಬಿದ ಲಾರಿಯ ಮೇಲೆ ಕುಳಿತು ಬರುವುದು ಇಂಥ ಸೀಮೆಯಲ್ಲಿ ಹೊಸದಲ್ಲ. ಅಪಘಾತವಾದಾಗ ಮನೆಯ ದುಡಿಮೆ ಒಂದೇ ದಿನಕ್ಕೆ ನಿಲ್ಲುತ್ತದೆ. ಅಂಥ ಮನೆಗೆ ಎರಡು ಕಡೆಯ ಹಣವೂ ಬೇಕು, ಎರಡೂ ಸಿಗುವಂತೆ ನೋಡಿಕೊಳ್ಳುವುದೂ ಬೇಕು.

ರಸ್ತೆ ಅಪಘಾತದ ಪರಿಹಾರಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಕೋರ್ಟಿನ ಆವರಣದಲ್ಲಿ ಇದಕ್ಕೆ ಎಂವಿಸಿ ಕೇಸು ಎನ್ನುತ್ತಾರೆ. ಅಪಘಾತ ನಡೆದ ಜಾಗದಲ್ಲೇ ಹಾಕಬೇಕೆಂದೇನೂ ಇಲ್ಲ. ಗಾಯಾಳು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಆದೋನಿ ರಸ್ತೆಯಲ್ಲಿ ಆಂಧ್ರದ ಲಾರಿ ಗುದ್ದಿದ್ದರೂ ಸಿರುಗುಪ್ಪದವರು ಬಳ್ಳಾರಿ ಜಿಲ್ಲೆಯಲ್ಲೇ ಕೇಸು ನಡೆಸಬಹುದು. ಮೇಲ್ಮನವಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುತ್ತದೆ. 2019ರ ತಿದ್ದುಪಡಿಯಿಂದಾಗಿ 2022ರ ಏಪ್ರಿಲ್ 1ರಿಂದ ಅರ್ಜಿ ಹಾಕಲು ಆರು ತಿಂಗಳ ಗಡುವು ಬಂದಿದೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿದವರಿಗೆ ಆರು ತಿಂಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ, ಆದ್ದರಿಂದ ಮನೆಯವರು ಇದನ್ನು ಮೊದಲೇ ತಿಳಿದಿರಬೇಕು.

ಪರಿಹಾರದ ಲೆಕ್ಕ ಹೀಗೆ ನಡೆಯುತ್ತದೆ. 35 ವರ್ಷದ ಒಬ್ಬ ಹಮಾಲನ ತಿಂಗಳ ದುಡಿಮೆ 12,000 ರೂಪಾಯಿ ಎಂದು ನ್ಯಾಯಮಂಡಳಿ ಹಿಡಿಯಿತೆಂದುಕೊಳ್ಳೋಣ. 2017ರ ಪ್ರಣಯ್ ಸೇಥಿ ತೀರ್ಪಿನಂತೆ 40 ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಗಳಿಕೆಯ ಏರಿಕೆಗೆಂದು ಶೇ 40 ಸೇರಿಸಬೇಕು. ಇದು ಸಾವಿನ ಪ್ರಕರಣಗಳಿಗಷ್ಟೇ ಅಲ್ಲ, ಗಾಯಾಳುಗಳಿಗೂ ಅನ್ವಯಿಸುತ್ತದೆ ಎಂದು 2020ರಲ್ಲಿ ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಗೆ ತಿಂಗಳಿಗೆ 16,800, ವರ್ಷಕ್ಕೆ 2,01,600. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35ರ ವಯಸ್ಸಿಗೆ ಗುಣಕ 16. ಗುಣಿಸಿದರೆ 32,25,600. ದುಡಿಯುವ ಶಕ್ತಿ ಶೇ 60ರಷ್ಟು ಹೋಗಿದೆಯೆಂದು ತೀರ್ಮಾನವಾದರೆ ಭವಿಷ್ಯದ ಗಳಿಕೆಯ ನಷ್ಟವೊಂದಕ್ಕೇ 19,35,360 ರೂಪಾಯಿ. ಆಸ್ಪತ್ರೆ ಖರ್ಚು, ನೋವು, ಆರೈಕೆ, ಓಡಾಟದ ಬಾಬ್ತು ಇದರ ಮೇಲೆ.

ಕೂಲಿಯವರ ಬಳಿ ಸಂಬಳದ ಚೀಟಿ ಇರುವುದಿಲ್ಲ. ಅಂಥವರಿಗೆ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್ತಿಗೆಂದು ಮಾಡಿಟ್ಟ, ಅಪಘಾತದ ವರ್ಷಕ್ಕೆ ತಕ್ಕಂತೆ ಅಂದಾಜು ಆದಾಯ ತೋರಿಸುವ ಪಟ್ಟಿಯನ್ನು ಹೈಕೋರ್ಟ್ ಸಾಮಾನ್ಯವಾಗಿ ಬಳಸುತ್ತದೆ. ಈ ಪಟ್ಟಿಯ ವಿಷಯ ಮುಂದೆ ಮತ್ತೆ ಬರುತ್ತದೆ.

ಈಗ ಮೊದಲ ಪ್ರಶ್ನೆ. ತಪ್ಪಿತಸ್ಥರು ಕಟ್ಟಬೇಕಾದ ಹಣದಿಂದ, ಗಾಯಾಳುವಿಗೆ ಬೇರೆ ಕಡೆಯಿಂದ ಬಂದದ್ದನ್ನು ಕಳೆಯಬೇಕೇ? ಕಳೆಯಬೇಕೆಂದು ವಿಮಾ ಕಂಪನಿಗಳು ದಶಕಗಳಿಂದ ವಾದಿಸುತ್ತ ಬಂದಿವೆ. 1998ರಲ್ಲಿ ಹೆಲೆನ್ ರೆಬೆಲ್ಲೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಂದು ಅಳತೆಗೋಲು ಕೊಟ್ಟಿತು. ಅಪಘಾತ ಆಗದಿದ್ದರೂ ಒಂದಲ್ಲ ಒಂದು ದಿನ ಬರಬೇಕಾಗಿದ್ದ ಹಣಕ್ಕೂ ಅಪಘಾತದ ಪರಿಹಾರಕ್ಕೂ ಸಂಬಂಧವಿಲ್ಲ. ಆದ್ದರಿಂದ ಜೀವವಿಮೆ, ಭವಿಷ್ಯ ನಿಧಿ, ಕುಟುಂಬ ಪಿಂಚಣಿಯನ್ನು ಕಳೆಯುವಂತಿಲ್ಲ. 2002ರ ಪೆಟ್ರೀಷಿಯಾ ಜೀನ್ ಮಹಾಜನ್ ಪ್ರಕರಣದಲ್ಲಿ ಮೃತರು ಅಮೆರಿಕದಲ್ಲಿ ನೆಲೆಸಿದ್ದ ವೈದ್ಯರು. ಅಲ್ಲಿನ ಸಾಮಾಜಿಕ ಭದ್ರತೆಯ ಹಣ ಕುಟುಂಬಕ್ಕೆ ಬಂದಿತ್ತು. ಅದನ್ನೂ ಕಳೆಯುವಂತಿಲ್ಲ ಎಂದು ತೀರ್ಪಾಯಿತು. 2013ರ ವಿಮಲ್ ಕನ್ವರ್ ಪ್ರಕರಣದಲ್ಲಿ ಅನುಕಂಪದ ನೌಕರಿಯ ಸಂಬಳವನ್ನೂ ಲೆಕ್ಕದಿಂದ ಹೊರಗಿಟ್ಟರು.

ಇದರ ಹಿಂದಿನ ತತ್ವ ಸರಳವಾದದ್ದು, ನ್ಯಾಯವಾದದ್ದು. ಸರ್ಕಾರ ಅಂಗವಿಕಲ ವೇತನ ಕೊಡುವುದು ಗಾಯಾಳುವಿನ ಬದುಕಿಗೆ. ವಿಮಾ ಕಂಪನಿಯ ಖರ್ಚು ಉಳಿಸಲಿಕ್ಕಲ್ಲ. ವರ್ಷಕ್ಕೆ 20 ರೂಪಾಯಿ ಕಟ್ಟಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಿಂದ ಶಾಶ್ವತ ಭಾಗಶಃ ವೈಕಲ್ಯಕ್ಕೆ 1 ಲಕ್ಷ, ಪೂರ್ಣ ವೈಕಲ್ಯಕ್ಕೆ 2 ಲಕ್ಷ ಪಡೆದವರ ಮಾತೂ ಇದೇ: ತಾವೇ ಕಂತು ಕಟ್ಟಿ ಪಡೆದ ಹಣದ ಲಾಭ ಗುದ್ದಿದವರಿಗೆ ಹೋಗಬಾರದು.

ಆದರೂ ಕೆಲವು ಕಡೆ ಕಡಿತ ನಿಜವಾಗಿಯೂ ನಡೆಯುತ್ತದೆ. ಹರಿಯಾಣದಲ್ಲಿ ಮೃತ ಸರ್ಕಾರಿ ನೌಕರನ ಕುಟುಂಬಕ್ಕೆ ಕೆಲವು ವರ್ಷ ಪೂರ್ತಿ ಸಂಬಳ ಕೊಡುವ ನಿಯಮವಿದೆ. ಅದು ಕಳೆದುಹೋದ ಸಂಬಳವನ್ನೇ ತುಂಬಿಕೊಡುವುದರಿಂದ ಅಷ್ಟನ್ನು ಕಳೆಯಬೇಕೆಂದು 2016ರಲ್ಲಿ ಶಶಿ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಂದೇ ನಷ್ಟಕ್ಕೆ ಎರಡು ಸಲ ತುಂಬಿಕೊಡುವ ಹಣ ಕಳೆಯಲ್ಪಡುತ್ತದೆ, ಉಳಿದದ್ದು ಇಲ್ಲ ಎಂದು ಸ್ಥೂಲವಾಗಿ ಹೇಳಬಹುದು. ಗುದ್ದಿ ಓಡಿಹೋದ ವಾಹನದ ಪ್ರಕರಣದಲ್ಲಿ ಮೋಟಾರು ವಾಹನ ಕಾಯ್ದೆಯ 161ನೇ ಕಲಮಿನಡಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಮುಂದೆ ವಾಹನ ಪತ್ತೆಯಾಗಿ ಪೂರ್ಣ ಪರಿಹಾರ ದೊರೆತರೆ ಈ ಮೊತ್ತವನ್ನು ಮರಳಿಸಬೇಕು. ಆಸ್ಪತ್ರೆ ಬಿಲ್ಲಿನ ವಿಚಾರದಲ್ಲಿ ಹೈಕೋರ್ಟುಗಳ ನಡುವೆಯೇ ಒಮ್ಮತವಿಲ್ಲ. ಮೆಡಿಕ್ಲೇಮ್ ವಿಮೆಯಿಂದ ಬಂದ ಹಣವನ್ನು ವೈದ್ಯಕೀಯ ಖರ್ಚಿನಿಂದ ಕಳೆಯಬೇಕೆಂದು ಕರ್ನಾಟಕ ಹೈಕೋರ್ಟಿನ ತೀರ್ಪುಗಳಿವೆ. ಕಳೆಯುವಂತಿಲ್ಲವೆಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ 2025ರ ಮಾರ್ಚಿನಲ್ಲಿ ಹೇಳಿತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಪುಕ್ಕಟೆ ಚಿಕಿತ್ಸೆ ಆದವರ ಕೈಯಲ್ಲಿ ಬಿಲ್ಲೇ ಇರುವುದಿಲ್ಲ, ಹಾಗಾಗಿ ಆ ಬಾಬ್ತಿನಲ್ಲಿ ಕೇಳುವುದಕ್ಕೂ ಏನೂ ಉಳಿಯುವುದಿಲ್ಲ. ಆದರೆ ಆರೈಕೆಗೆ ಕುಳಿತವರ ಕೂಲಿ, ಬಳ್ಳಾರಿಗೆ ಓಡಾಡಿದ ಖರ್ಚು, ಪೌಷ್ಟಿಕ ಆಹಾರ, ಮುಂದಿನ ಶಸ್ತ್ರಚಿಕಿತ್ಸೆ ಇವನ್ನು ಕೇಳಲು ಅಡ್ಡಿಯಿಲ್ಲ.

ಕಡಿತಕ್ಕಿಂತ ಕಠಿಣವಾದದ್ದು ಆಯ್ಕೆ. ಕೆಲಸದ ಮೇಲಿದ್ದಾಗ ವಾಹನ ಅಪಘಾತವಾದರೆ, ಉದಾಹರಣೆಗೆ ಮಾಲೀಕನ ಲಾರಿಯಲ್ಲೇ ಕ್ಲೀನರ್ ಗಾಯಗೊಂಡರೆ, ಅವನು ಮೋಟಾರು ವಾಹನ ಕಾಯ್ದೆಯಡಿಯೂ ಕೇಳಬಹುದು, ನೌಕರರ ಪರಿಹಾರದ ಕಾನೂನಿನಡಿಯೂ (2025ರ ನವೆಂಬರ್‌ವರೆಗೆ 1923ರ ಕಾಯ್ದೆ) ಕೇಳಬಹುದು. ಆದರೆ ಮೋಟಾರು ವಾಹನ ಕಾಯ್ದೆಯ 167ನೇ ಕಲಂ ಎರಡರಲ್ಲೊಂದನ್ನು ಮಾತ್ರ ಬಿಡುತ್ತದೆ. ನೌಕರರ ಪರಿಹಾರದಲ್ಲಿ ಯಾರ ತಪ್ಪು ಎಂದು ಸಾಬೀತು ಮಾಡುವ ಹೊರೆಯಿಲ್ಲ. ಆದರೆ ಪೂರ್ಣ ವೈಕಲ್ಯಕ್ಕೂ ಸಂಬಳದ ಶೇ 60ನ್ನು ಮಾತ್ರ ವಯಸ್ಸಿನ ಗುಣಕದಿಂದ ಗುಣಿಸುತ್ತಾರೆ, ಸಂಬಳಕ್ಕೂ 1923ರ ಕಾಯ್ದೆಯಡಿ 2020ರಿಂದ 15,000 ರೂಪಾಯಿಯ ಮಿತಿಯಿತ್ತು. ಚಾಲಕನದೇ ತಪ್ಪಿದ್ದರೆ ಅವನಿಗೆ ಇದೇ ದಾರಿ. ಬೇರೆಯವರ ತಪ್ಪಿದ್ದರೆ ಎಂವಿಸಿ ಕೇಸಿನಲ್ಲಿ ಹೆಚ್ಚು ಸಿಗುವ ಸಾಧ್ಯತೆ. ಒಮ್ಮೆ ಒಂದು ದಾರಿ ಹಿಡಿದ ಮೇಲೆ ತಿರುಗಿ ಬರುವುದು ಕಷ್ಟ, ಹಾಗಾಗಿ ಸಹಿ ಹಾಕುವ ಮುನ್ನ ಎರಡೂ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡುವುದು ವಕೀಲರ ಹೊಣೆ.

ಇಎಸ್‌ಐ ಇರುವ ಕಾರ್ಖಾನೆಯ ಕಾರ್ಮಿಕರದು ಇನ್ನೊಂದು ಕತೆ. ಅಲ್ಲಿ ಸಂಬಳದ ಶೇ 90ರವರೆಗೆ ತಿಂಗಳು ತಿಂಗಳು ವೈಕಲ್ಯ ಸೌಲಭ್ಯ ಬರುತ್ತದೆ. ಅದಕ್ಕೆ ಪ್ರತಿಯಾಗಿ, ಕೆಲಸದಿಂದಾದ ಗಾಯಕ್ಕೆ ಮಾಲೀಕನಿಂದ ಬೇರಾವ ಕಾನೂನಿನಡಿಯೂ ಪರಿಹಾರ ಕೇಳುವಂತಿಲ್ಲ ಎಂದು 1948ರ ಇಎಸ್‌ಐ ಕಾಯ್ದೆಯ 53ನೇ ಕಲಂ ಬಾಗಿಲು ಮುಚ್ಚಿತ್ತು. ಆ ಕಲಮಿನ ಮಾತಿನಲ್ಲಿರುವುದು ಮಾಲೀಕ ಮತ್ತು ಅವನ ನೌಕರರು. ಸಂಬಂಧವೇ ಇಲ್ಲದ ಮೂರನೆಯವರ ಲಾರಿ ಗುದ್ದಿದರೆ ಅವರ ಹೊಣೆ ಬೇರೆಯೇ ಇರುತ್ತದೆ. 2025ರ ನವೆಂಬರ್ 21ರಿಂದ ಈ ಹಳೆಯ ಕಾಯ್ದೆಗಳ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ.

ಟ್ರೇಲರಿನಲ್ಲಿ ನಿಂತು ಹೋಗುವ ಕೂಲಿಯವರ ಮಾತನ್ನು ಇಲ್ಲಿ ಹೇಳಲೇಬೇಕು. ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಸಿದವರ ಹೊಣೆ ವಿಮಾ ಕಂಪನಿಯದಲ್ಲ ಎಂದು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆಗ ಪರಿಹಾರದ ಆದೇಶ ವಾಹನದ ಮಾಲೀಕನ ಮೇಲೆ ಮಾತ್ರ ಬೀಳುತ್ತದೆ, ಅವನೂ ಸಣ್ಣ ರೈತನಾಗಿದ್ದರೆ ವಸೂಲಿ ವರ್ಷಗಟ್ಟಲೆ ಎಳೆಯುತ್ತದೆ. ಕೆಲವೊಮ್ಮೆ ಕಂಪನಿಯೇ ಮೊದಲು ಕಟ್ಟಿ ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಹೇಳುವುದುಂಟು. ಇಂಥ ಗಾಯಾಳುಗಳಿಗೆ ಸರ್ಕಾರದ ವೇತನವೇ ಬಹುಕಾಲ ಏಕೈಕ ಆಧಾರ.

ಇನ್ನು ಎರಡನೆಯ ಪ್ರಶ್ನೆ. ಕರ್ನಾಟಕದಲ್ಲಿ ಅಂಗವಿಕಲ ವೇತನಕ್ಕೆ ಕನಿಷ್ಠ ಶೇ 40 ವೈಕಲ್ಯ ಇರಬೇಕು. ಶೇ 75ಕ್ಕಿಂತ ಹೆಚ್ಚಿದ್ದವರಿಗೆ ವೇತನ ಹೆಚ್ಚು. ಶೇ 40ರಿಂದ 75ರವರ ವೇತನ 2021ರ ಜುಲೈನಲ್ಲಿ 600ರಿಂದ 800 ರೂಪಾಯಿಗೆ ಏರಿತು. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ 2009ರಲ್ಲಿ ಶುರುವಾದದ್ದು. ಶೇ 80ಕ್ಕಿಂತ ಮೇಲಿನ ವೈಕಲ್ಯದವರಿಗೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಅರ್ಜಿ ನಾಡಕಚೇರಿಯಲ್ಲಿ, ಮಂಜೂರು ಮಾಡುವುದು ಕಂದಾಯ ಇಲಾಖೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಊರಿನವರ ಬಾಯಲ್ಲಿ ವಿಆರ್‌ಡಬ್ಲ್ಯೂಗಳು, ಅರ್ಜಿ ತುಂಬಿಸಿ ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಲು ನೆರವಾಗುತ್ತಾರೆ.

ಈ ವೇತನಕ್ಕೆ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ಅಂದರೆ ದಿನಕ್ಕೆ 88 ರೂಪಾಯಿಗೂ ಕಡಿಮೆ. ನಾಟಿಯ ಒಂದು ದಿನದ ಕೂಲಿಯೂ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮಿತಿ ಇಷ್ಟು ತಗ್ಗಿನಲ್ಲಿರುವುದರಿಂದಲೇ ಪರಿಹಾರದ ಹಣ ಅದನ್ನು ಸುಲಭವಾಗಿ ದಾಟುತ್ತದೆ.

ನಿಯಮ ಕೇಳುವುದು ಆದಾಯವನ್ನು. ದೇಹಕ್ಕಾದ ಹಾನಿಗೆ ಒಮ್ಮೆ ಬಂದ ಪರಿಹಾರ ಆದಾಯವಲ್ಲ. ಕಳೆದುಕೊಂಡದ್ದರ ಬದಲಿಗೆ ಬಂದ ಬಂಡವಾಳ ಅದು. ಆದರೆ ಆ ಹಣ ಹುಟ್ಟಿಸುವ ಬಡ್ಡಿ ಆದಾಯವೇ. ಸೂಸಮ್ಮ ಥಾಮಸ್ ತೀರ್ಪಿನ ಬಳಿಕ, ಅನಕ್ಷರಸ್ಥರ ಮತ್ತು ಮಕ್ಕಳ ಹಣ ದಲ್ಲಾಳಿಗಳ ಪಾಲಾಗದಿರಲಿ ಎಂದು ನ್ಯಾಯಮಂಡಳಿಗಳು ಪರಿಹಾರದ ದೊಡ್ಡ ಪಾಲನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತವೆ. ಉದ್ದೇಶ ಒಳ್ಳೆಯದು. ಮೇಲೆ ಹೇಳಿದ ಹಮಾಲನ ಹಣದಲ್ಲಿ 10 ಲಕ್ಷ ರೂಪಾಯಿ ಶೇ 7ರ ಬಡ್ಡಿಗೆ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 70,000 ರೂಪಾಯಿ ಬಡ್ಡಿ. ಪಿಂಚಣಿಯ ಮಿತಿಯ ಎರಡರಷ್ಟಕ್ಕಿಂತ ಹೆಚ್ಚು. 4,60,000 ರೂಪಾಯಿ ಠೇವಣಿಯ ಬಡ್ಡಿಯೇ ಅದೇ ದರದಲ್ಲಿ 32,200 ಆಗಿ ಮಿತಿ ದಾಟುತ್ತದೆ. ಕಾಲು ಕಳೆದುಕೊಂಡವನ ಹಣವನ್ನು ಕಾಪಾಡಲು ನ್ಯಾಯಾಲಯ ಇಡಿಸಿದ ಠೇವಣಿಯೇ ಅವನ ವೇತನಕ್ಕೆ ಕುತ್ತಾಗುವುದು ಸರಿಯಲ್ಲ. ತೀವ್ರ ವೈಕಲ್ಯದವರ ಪರಿಹಾರದ ಬಡ್ಡಿಯನ್ನು ಆದಾಯದ ಲೆಕ್ಕದಿಂದ ಬಿಡಬೇಕೆಂದು ಒಂದು ಸಾಲು ಸೇರಿಸುವುದು ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ. ಅಂಗವಿಕಲರಿಗೆ ಕೊಡುವ ನೆರವು ಬೇರೆಯವರ ಅಂಥದೇ ಯೋಜನೆಗಳಿಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಮೇ ಹೇಳುತ್ತದೆ.

ಬಡತನ ರೇಖೆಗಿಂತ ಕೆಳಗಿನವರ (ಬಿಪಿಎಲ್) ಪಡಿತರ ಚೀಟಿಯ ಮಿತಿ ಇದಕ್ಕಿಂತ ಸಡಿಲ: ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ. ಅಲ್ಲಿ ಬಡ್ಡಿಗಿಂತ ಪರಿಹಾರದ ಹಣದಿಂದ ಕೊಂಡ ವಸ್ತುವೇ ತೊಡಕಾಗಬಹುದು. ಸ್ವಂತಕ್ಕೆ ನಾಲ್ಕು ಚಕ್ರದ ವಾಹನ ಇದ್ದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ ಬಿಪಿಎಲ್ ಚೀಟಿ ಇಲ್ಲ. ನಡೆಯಲಾಗದ ಮಗನನ್ನು ಆಸ್ಪತ್ರೆಗೆ ಕರೆದೊಯ್ಯಲೆಂದು ಹಳೆಯ ಕಾರು ಕೊಂಡ ಮನೆಯೂ ಈ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. 2024ರ ನವೆಂಬರಿನಲ್ಲಿ ಬಿಪಿಎಲ್ ಚೀಟಿಗಳ ರದ್ದತಿಯಿಂದ ರಾಜ್ಯದಲ್ಲೆಲ್ಲ ಗದ್ದಲವಾಗಿ, ತೆರಿಗೆದಾರರು ಮತ್ತು ಸರ್ಕಾರಿ ನೌಕರರದ್ದನ್ನು ಬಿಟ್ಟು ಉಳಿದವನ್ನು ಮರಳಿ ಕೊಡಬೇಕಾಯಿತು.

ಮನೆಯ ಯಜಮಾನಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಗೃಹಲಕ್ಷ್ಮಿಯ 2,000 ರೂಪಾಯಿಗೆ ಬಿಪಿಎಲ್, ಎಪಿಎಲ್ ಭೇದವಿಲ್ಲ. ಯಜಮಾನಿಯೋ ಅವಳ ಗಂಡನೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ದಾಖಲೆಯಲ್ಲಿದ್ದರೆ ಮಾತ್ರ ಹಣ ಬರುವುದಿಲ್ಲ. ಪರಿಹಾರದ ಹಣ ಈ ತೆರಿಗೆ ದಾಖಲೆಯನ್ನು ಮುಟ್ಟುವುದು ಬಡ್ಡಿಯ ಮೂಲಕ. ತಡವಾಗಿ ಬಂದ ಪರಿಹಾರಕ್ಕೆ ನ್ಯಾಯಮಂಡಳಿ ಕೊಡಿಸುವ ಬಡ್ಡಿ ವರ್ಷಕ್ಕೆ 50,000 ದಾಟಿದರೆ ವಿಮಾ ಕಂಪನಿಗಳು ಬಹುಕಾಲ ಟಿಡಿಎಸ್ ಕಡಿದುಕೊಂಡೇ ಕಟ್ಟುತ್ತಿದ್ದವು. ಅರ್ಜಿಯ ದಿನದಿಂದ ತೀರ್ಪಿನವರೆಗಿನ ಬಡ್ಡಿ ತೆರಿಗೆಗೆ ಒಳಪಡುವುದಿಲ್ಲವೆಂದು 2019ರಲ್ಲಿ ರೂಪೇಶ್ ಶಾ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಹೇಳಿತ್ತು. ಟಿಡಿಎಸ್ ಕಡಿತವಾದ ಮಾತ್ರಕ್ಕೆ ಯಾರೂ ತೆರಿಗೆದಾರರಾಗುವುದಿಲ್ಲ. ಕಡಿದ ಹಣ ಮರಳಿ ಪಡೆಯಲು ರಿಟರ್ನ್ ಹಾಕಿದವರು, ತೆರಿಗೆ ಸೊನ್ನೆ ಎಂದು ತೋರಿಸುವ ಆ ಕಾಗದವನ್ನು ಜೋಪಾನ ಮಾಡಬೇಕು. ಯೋಜನೆಯ ಹಣ ನಿಂತರೆ ತೋರಿಸಬೇಕಾದದ್ದು ಅದನ್ನೇ. ಅಂಗವಿಕಲರ ಬಸ್ ಪಾಸಿಗೆ ಇವಾವುದರ ಗೊಡವೆಯಿಲ್ಲ. ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ ಅದು ನಡೆಯುವುದರಿಂದ ಕೆಂಚನಗುಡ್ಡದವರ ಬಳ್ಳಾರಿ ಓಡಾಟಕ್ಕೆ ಸಾಕು.

ಎಲ್ಲಕ್ಕಿಂತ ಹೆಚ್ಚು ಇಕ್ಕಟ್ಟು ಒಬ್ಬರಿಗೇ ಎರಡು ಆದಾಯ ಇರುವುದರಿಂದ. ನ್ಯಾಯಮಂಡಳಿಯ ಮುಂದೆ ಗಾಯಾಳು ತಿಂಗಳಿಗೆ 12,000 ದುಡಿಯುತ್ತಿದ್ದೆ ಎನ್ನುತ್ತಾನೆ, ಅದು ನಿಜವೂ ಹೌದು. ಅವನ ಮನೆಯಲ್ಲಿರುವ ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ 30,000 ಎಂದು ಬರೆದಿರುತ್ತದೆ. ಪಾಟಿ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಬಿಪಿಎಲ್ ಚೀಟಿ ಇದೆಯೇ ಎಂದು ಕೇಳಿದರೆ, ಹೌದೆಂದರೆ ಆದಾಯ ಕಡಿಮೆಯಾಗುವ ಭಯ, ಇಲ್ಲವೆಂದರೆ ಸುಳ್ಳು. ಈ ಸುಳಿಯಿಂದ ಪಾರಾಗುವ ದಾರಿ ನೇರವಾದದ್ದು. ಪರಿಹಾರ ನೋಡುವುದು ಅಪಘಾತಕ್ಕೆ ಮುಂಚಿನ ದುಡಿಮೆಯನ್ನು. ಪಿಂಚಣಿ ನೋಡುವುದು ಅಪಘಾತದ ನಂತರದ ಕೈಬರಿದಾದ ಸ್ಥಿತಿಯನ್ನು. ಗಾಯವಾದ ಮೇಲೆ ದುಡಿಮೆ ನಿಂತಿದೆ ಎಂದು ಹೊಸದಾಗಿ ಆದಾಯ ಪ್ರಮಾಣಪತ್ರ ಮಾಡಿಸಿದರೆ ಎರಡು ಅಂಕಿಗಳ ನಡುವೆ ಜಗಳವಿಲ್ಲ. ಕಾನೂನು ಸೇವಾ ಪ್ರಾಧಿಕಾರದ ಅಂದಾಜು ಪಟ್ಟಿ ಇರುವುದೂ, ಕಾಗದವಿಲ್ಲದ ದುಡಿಮೆಗೂ ಬೆಲೆಯಿದೆ ಎಂದು ಒಪ್ಪಿಯೇ.

ವೈಕಲ್ಯದ ಪ್ರಮಾಣದಲ್ಲೂ ಇಂಥದೇ ಗೊಂದಲ. ಯುಡಿಐಡಿ ಪ್ರಮಾಣಪತ್ರದಲ್ಲಿ ಬಲಗಾಲಿಗೆ ಶೇ 45 ಎಂದಿದ್ದರೆ ಅಂಗವಿಕಲ ವೇತನಕ್ಕೆ ಸಾಕು. ಅದೇ ಕಾಲನ್ನು ನ್ಯಾಯಮಂಡಳಿಯಲ್ಲಿ ಇಡೀ ದೇಹಕ್ಕೆ ಲೆಕ್ಕ ಹಾಕುವಾಗ ಮೂರನೇ ಒಂದು ಭಾಗ, ಅಂದರೆ ಶೇ 15 ಎಂದು ಹಿಡಿಯುವ ರೂಢಿ ಕರ್ನಾಟಕದಲ್ಲಿದೆ. ಇವೆರಡಕ್ಕಿಂತ ಬೇರೆಯಾದ ಮೂರನೆಯ ಅಂಕಿಯೇ ನಿರ್ಣಾಯಕ ಎಂದು ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಹೇಳಿತು: ಆ ವೈಕಲ್ಯದಿಂದ ಆ ಮನುಷ್ಯನ ಗಳಿಕೆ ಎಷ್ಟು ಹೋಯಿತು? ಎಡಗೈ ಕಳೆದುಕೊಂಡ ಚಾಲಕನ ಅಥವಾ ಬಡಗಿಯ ಗಳಿಕೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ, ಗುಮಾಸ್ತನದು ಹೋಗದಿರಬಹುದು ಎಂಬ ಉದಾಹರಣೆ ಆ ತೀರ್ಪಿನಲ್ಲೇ ಇದೆ. ಕ್ವಿಂಟಲ್ ಮೂಟೆ ಹೊರುವ ಹಮಾಲನ ಕಾಲು ಬಗ್ಗದಿದ್ದರೆ ಶೇ 15 ಎನ್ನುವುದು ಅನ್ಯಾಯ. ಚಿಕಿತ್ಸೆ ಮಾಡಿದ ವೈದ್ಯರು ಸಾಕ್ಷಿಕಟ್ಟೆಯಲ್ಲಿ, ಇವನು ಮೂಟೆ ಹೊರಲಾರ, ಮೆಟ್ಟಿಲು ಹತ್ತಲಾರ, ಕುಕ್ಕರುಗಾಲಲ್ಲಿ ಕೂರಲಾರ ಎಂದು ಬಿಡಿಸಿ ಹೇಳಿದಾಗಲೇ ಆ ಅಂಕಿ ಬದಲಾಗುವುದು.

ಬ್ರಿಟನ್ನಿನಲ್ಲಿ ಈ ವಿಷಯವನ್ನು ಕಾನೂನೇ ವಿವರವಾಗಿ ಬಗೆಹರಿಸಿದೆ. 1997ರ ಕಾಯ್ದೆಯಂತೆ, ಗಾಯದ ಕಾರಣಕ್ಕೆ ಸರ್ಕಾರ ಐದು ವರ್ಷದವರೆಗೆ ಕೊಟ್ಟ ನೆರವನ್ನು ಪರಿಹಾರ ಕಟ್ಟುವವರೇ ಸರ್ಕಾರಕ್ಕೆ ಮರಳಿಸಬೇಕು. ಆದಾಯ ನೋಡಿ ಕೊಡುವ ನೆರವು 16,000 ಪೌಂಡಿಗಿಂತ ಹೆಚ್ಚು ಉಳಿತಾಯ ಇದ್ದವರಿಗೆ ನಿಲ್ಲುತ್ತದೆ. ಆದರೆ ಗಾಯದ ಪರಿಹಾರವನ್ನು ಒಂದು ಟ್ರಸ್ಟಿನಲ್ಲಿಟ್ಟರೆ ಅದು ಉಳಿತಾಯದ ಲೆಕ್ಕಕ್ಕೆ ಬರುವುದಿಲ್ಲ, ಹಣ ಬಂದ ಮೊದಲ 52 ವಾರಗಳೂ ವಿನಾಯಿತಿ. ಅಮೆರಿಕದಲ್ಲೂ ಅಂಗವಿಕಲರಿಗೆಂದು ಇಂಥ ಟ್ರಸ್ಟುಗಳಿವೆ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಪರಿಹಾರದ ಚೆಕ್ಕು ಖಾತೆಗೆ ಹಾಕುವ ಮುನ್ನ ವಿಚಾರಿಸಬೇಕಾದದ್ದು ಇದನ್ನೇ. ಇಲ್ಲಿ ಅಂಥ ಟ್ರಸ್ಟು ಮಾಡಿದರೂ ಆದಾಯದ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ.

ಇಲ್ಲಿ ಉಳಿದಿರುವ ದಾರಿ ತೀರ್ಪಿನ ದಿನದ್ದು. ಎಷ್ಟು ಹಣ ಠೇವಣಿಗೆ, ಎಷ್ಟು ಕೈಗೆ ಎಂದು ನಿರ್ಧರಿಸುವುದು ನ್ಯಾಯಮಂಡಳಿ, ಅದರ ಮುಂದೆ ಬೇಡಿಕೆ ಇಡಲು ಅವಕಾಶವಿದೆ. ಕೃತಕ ಕಾಲು, ಮನೆಗೆ ಇಳಿಜಾರು ದಾರಿ ಮತ್ತು ಕೂತು ಬಳಸುವ ಶೌಚಾಲಯ, ಹಳೆಯ ಸಾಲದ ತೀರುವಳಿ, ಕುಳಿತು ಮಾಡುವ ಅಂಗಡಿಯ ಬಂಡವಾಳ ಇವಕ್ಕೆ ದಾಖಲೆ ಸಮೇತ ಕೇಳಿದರೆ ಠೇವಣಿ ಅವಧಿಗೆ ಮುನ್ನವೂ ಹಣ ಬಿಡುಗಡೆಯಾಗುತ್ತದೆ. ಮನೆಗೆ ಹಾಕಿದ ಹಣ ಬಡ್ಡಿ ತರುವುದಿಲ್ಲ, ಬಾಗಿಲ ಹೊಸ್ತಿಲು ದಾಟಲಾಗದವರಿಗೆ ಹೊರಗೆ ಬರುವ ದಾರಿ ಮಾಡಿಕೊಡುತ್ತದೆ. ವೇತನವೇ ನಿಂತರೆ, ತಹಶೀಲ್ದಾರರ ಲಿಖಿತ ಆದೇಶದ ಪ್ರತಿ ಪಡೆದು ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬೇಕು. ಅದರ ಜೊತೆ ನ್ಯಾಯಮಂಡಳಿಯ ತೀರ್ಪಿನ ಪ್ರತಿ, ಬ್ಯಾಂಕಿನ ಬಡ್ಡಿ ಪತ್ರ, ಅಪಘಾತದ ನಂತರದ ಆದಾಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ ಇರಬೇಕು. ವಕೀಲರ ಶುಲ್ಕ ಭರಿಸಲಾಗದ ಅಂಗವಿಕಲರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಅಂಗವಿಕಲರಿಗೆ ಈ ನೆರವನ್ನು ಕೊಡುವಾಗ ಆದಾಯದ ಮಿತಿಯನ್ನು ಹಾಕಿಲ್ಲ.